ಹವ್ಯಾಸಿ ಗಾಲ್ಫಿನ ಪುರಾತನ ಪಟ್ಟ

ಬಳ್ಳಾರಿ ಸೀಮೆಯ ಕುರುಗೋಡಿನ ಬಂಡೆಗಳ ನೆರಳಿನಲ್ಲಿಯೋ ಸಿರುಗುಪ್ಪದ ಭತ್ತದ ಗದ್ದೆಗಳ ಅಂಚಿನಲ್ಲಿಯೋ ಬೆಳೆದ ನಮಗೆ, ಒಂದು ಪುಟ್ಟ ಚೆಂಡನ್ನು 18 ಕುಳಿಗಳಿಗೆ ಸೇರಿಸುವುದಕ್ಕಾಗಿ ವಿಶಾಲವಾದ ಹುಲ್ಲುಗಾವಲನ್ನೇ ನೀರೆರೆದು ಸಾಕುವ ಈ ಕ್ರೀಡೆಯು ವಿಚಿತ್ರವೆಂದು ತೋರಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೂ, ಧನಾಪೇಕ್ಷೆಯಿಲ್ಲದೆ ಕೇವಲ ಪ್ರೀತಿಯಿಂದ ಆಡುವವರಿಗಾಗಿ ಏರ್ಪಟ್ಟ ಗಾಲ್ಫ್ ಪಂದ್ಯಾವಳಿಗಳಲ್ಲಿ ಭಾರತದ್ದು ಪ್ರಾಚೀನತಮವಾದವುಗಳ ಪಂಕ್ತಿಗೆ ಸೇರಿದುದು: ಬ್ರಿಟನ್ನಿನ ಹವ್ಯಾಸಿಗಳು ಹೊಯ್ಲೇಕ್ ಎಂಬ ಊರಿನಲ್ಲಿ ಮೊದಲು ಸೆಣಸಿದುದು 1885ರಲ್ಲಿ, 1829ರಲ್ಲಿಯೇ ಸ್ಥಾಪಿತವಾಗಿದ್ದ ಕಲ್ಕತ್ತೆಯ ಕ್ಲಬ್ಬು ನಮ್ಮ ಪಂದ್ಯಾವಳಿಗೆ ನಾಂದಿ ಹಾಡಿದುದು 1892ರಲ್ಲಿ, ಅಮೆರಿಕದವರಾದರೋ 1895ರವರೆಗೆ ಕಾಯಬೇಕಾಯಿತು.

ಒಟ್ಟು ಹೊಡೆತಗಳನ್ನು ಎಣಿಸದೆ, ಇಬ್ಬರೇ ಎದುರುಬದುರಾಗಿ ನಿಂತು, ಒಂದೊಂದು ಕುಳಿಯನ್ನೂ ಒಂದೊಂದು ಜಯವೆಂದು ಗಣಿಸುವ ಈ ಪಂದ್ಯಾವಳಿಗಳ ದ್ವಂದ್ವಕ್ರಮವು, ನನ್ನ ಅಭಿಪ್ರಾಯದಲ್ಲಿ, ಆಟದ ರಸವನ್ನೆಲ್ಲ ಹಿಂಡಿ ಕೊಡುವಂತಹುದು. ನಮ್ಮ ಕುಸ್ತಿಯ ಅಖಾಡದ ಜಿದ್ದು ಇಲ್ಲಿಯೂ ಉಂಟು.

ನಮ್ಮ ದೇಶದಲ್ಲಿ ಈ ಆಟದ ಆಡಳಿತ ಸಂಸ್ಥೆಯಾದ ಇಂಡಿಯನ್ ಗಾಲ್ಫ್ ಯೂನಿಯನ್ 1955ರಲ್ಲಿ ಜನ್ಮ ತಳೆಯಿತು. ಅದಾದ ಹತ್ತು ವರ್ಷಗಳಿಗೆ, 1965ರಲ್ಲಿ, ಬಿಲ್ಲೂ ಸೇಠಿಯೆಂಬ ಹವ್ಯಾಸಿಯು ಕಲ್ಕತ್ತೆಯಲ್ಲಿ ವೃತ್ತಿಪರರನ್ನೆಲ್ಲ ಹಿಂದಿಕ್ಕಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದುಕೊಂಡನು! ಇಂತಹ ಸಾಹಸವನ್ನು ಹವ್ಯಾಸಿಯೊಬ್ಬನಿಂದ ನಿರೀಕ್ಷಿಸಿದವರು ವಿರಳ.

ನಮ್ಮ ನಾಡಿನ ಪಾಲೂ ಅಲ್ಪವಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಅದೇ ನಗರದ ಅದಿತಿ ಅಶೋಕ್, ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದು, ಹವ್ಯಾಸಿಯಾಗಿ ಪಳಗಿ, 2016ರಲ್ಲಿ ವೃತ್ತಿಗಿಳಿದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಕೇವಲ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾಗಿ ನಿಂತರು.