ಹಳೆಯ ದೋಣಿಗೆ ಎಷ್ಟು ದೊಡ್ಡ ಎಂಜಿನ್?

ಮಲ್ಪೆ, ಗಂಗೊಳ್ಳಿ, ಭಟ್ಕಳದ ನಾಡದೋಣಿಗಳ ಹಿಂಬದಿಯಲ್ಲಿ ಕಾಣುವ ಔಟ್‌ಬೋರ್ಡ್ ಎಂಜಿನ್‌ಗೆ ನೂರು ವರ್ಷ ದಾಟಿದೆ. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ 1909ರ ಹೊತ್ತಿಗೆ ರೂಪಿಸಿದ ಎಂಜಿನ್ ಇದನ್ನು ಜನಪ್ರಿಯಗೊಳಿಸಿತು. ದೋಣಿಯೊಳಗೆ ಜಾಗ ಬೇಡ, ಕೆಟ್ಟರೆ ಬಿಚ್ಚಿ ದಡಕ್ಕೆ ಒಯ್ಯಬಹುದು.

ಆದರೆ ಹೆಚ್ಚು ಅಶ್ವಶಕ್ತಿ ಎಂದರೆ ಹೆಚ್ಚು ವೇಗ ಎಂಬ ಲೆಕ್ಕ ಹಳೆಯ ದೋಣಿಯಲ್ಲಿ ತಪ್ಪುತ್ತದೆ. ನೀರನ್ನು ಸೀಳಿ ಸಾಗುವ ದೋಣಿಯ ಮೂತಿಯಲ್ಲಿ ಅಲೆ ಏಳುತ್ತದೆ; ವೇಗ ಏರಿದಂತೆ ಅಲೆ ಉದ್ದವಾಗುತ್ತದೆ. ಅದು ದೋಣಿಯಷ್ಟೇ ಉದ್ದವಾದಾಗ, ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಅಲೆಯ ಈ ತಡೆಯನ್ನು 1870ರ ದಶಕದಲ್ಲಿ ವಿಲಿಯಂ ಫ್ರೌಡ್ ಇಂಗ್ಲೆಂಡಿನಲ್ಲಿ ಮಾದರಿ ದೋಣಿಗಳನ್ನು ತೊಟ್ಟಿಯಲ್ಲಿ ಎಳೆದು ಅಳೆದ. ನೀರಿನ ಮಟ್ಟದಲ್ಲಿ 9 ಮೀಟರ್ ಉದ್ದವಿರುವ ಇಂಥ ದೋಣಿಗೆ ಸುಮಾರು 7 ನಾಟ್, ಅಂದರೆ ಗಂಟೆಗೆ 13 ಕಿ.ಮೀ. ಮಿತಿ. ಅದರಾಚೆಗೆ ಇಂಧನ ಉರಿಯುತ್ತದೆ, ವೇಗ ಹೆಚ್ಚು ಏರುವುದಿಲ್ಲ.

ದೊಡ್ಡ ಎಂಜಿನ್ ವೇಗಕ್ಕಿಂತ ಭಾರವನ್ನೇ ಹೆಚ್ಚಿಸುತ್ತದೆ; ಆದ್ದರಿಂದ ಮೊದಲು ನೋಡಬೇಕಾದ್ದು ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು.

ಎಂಜಿನ್‌ನ ಭಾರ, ನೂಕು, ನಡುಕ ಎಲ್ಲವನ್ನೂ ಹೊರುವುದು ಅದೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂದ ಸದ್ದು ಬಂದರೆ, ಫೈಬರ್ ಪದರದೊಳಗಿನ ಮರ ನೀರು ಕುಡಿದು ಕೊಳೆತಿರುವ ಸಾಧ್ಯತೆ ಇದೆ. ಹಳೆಯ ಬೋಲ್ಟ್ ತೂತುಗಳೇ ಹೆಚ್ಚಾಗಿ ನೀರಿನ ದಾರಿ. ಅವುಗಳನ್ನು ಸೀಲೆಂಟ್‌ನಿಂದ ಮುಚ್ಚಬೇಕು. ಟೂ ಸ್ಟ್ರೋಕ್ ತೆಗೆದು ಫೋರ್ ಸ್ಟ್ರೋಕ್ ಕೂರಿಸಿದರೆ ಇಂಧನ ಉಳಿಯುತ್ತದೆ, ಆದರೆ ಅಷ್ಟೇ ಶಕ್ತಿಯ ಎಂಜಿನ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ದೋಣಿಯ ಹಿಂಭಾಗ ತಗ್ಗಿದರೆ ಹಿಂದಿನಿಂದ ಬರುವ ಅಲೆ ಒಳನುಗ್ಗುತ್ತದೆ.

ಎತ್ತರದ ಲೆಕ್ಕವೂ ಮುಖ್ಯ. ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ ಅಳೆದು ಶಾಫ್ಟ್ ಆರಿಸಬೇಕು: 15 ಇಂಚಿನದು ಗಿಡ್ಡ, 20 ಇಂಚಿನದು ಉದ್ದ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ಪಟ್ಟಿ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಹೆಚ್ಚು ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ಸುತ್ತುತ್ತದೆ. ಹೆಚ್ಚು ಕೆಳಗಿದ್ದರೆ ನೀರಿನ ತಡೆ ಹೆಚ್ಚುತ್ತದೆ. ಬಲೆ, ಮಂಜುಗಡ್ಡೆ, ಮೀನು ಹೊರುವ ದೋಣಿಗೆ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ, ಕಡಿಮೆಯಿರುವ ಪ್ರೊಪೆಲ್ಲರ್ ಒಪ್ಪುತ್ತದೆ.

ಹೊಸ ಎಂಜಿನ್‌ಗೆ ಹಣ ಕೂಡಿಸುವವರು ಅದರಲ್ಲೊಂದು ಪಾಲನ್ನು ಹಲಗೆಯ ರಿಪೇರಿಗೆ ಎತ್ತಿಡಲಿ. ಆಳಕ್ಕೆ ಹೋಗುವ ಮುನ್ನ ಪೂರ್ತಿ ಭಾರ ಹೇರಿ, ದಡದ ಸಮೀಪದಲ್ಲೇ ಓಡಿಸಿ ನೋಡಲಿ.