ನೌಕರರ ಮೊಬೈಲ್‌ನಲ್ಲಿರುವ ವ್ಯವಹಾರ ದಾಖಲೆ ಮತ್ತು ನ್ಯಾಯಾಲಯ

ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಸಿಂಧನೂರು ಭಾಗದಲ್ಲಿ ಭತ್ತ ಹಾಗೂ ಅಕ್ಕಿಯ ಮಾತುಕತೆ ಇಂದು ಬಹುಮಟ್ಟಿಗೆ ಮೊಬೈಲ್‌ನಲ್ಲಿಯೇ ನಡೆಯುತ್ತದೆ. ದರ, ತೇವಾಂಶ, ಲಾರಿ ಸಂಖ್ಯೆ, ತೂಕದ ಚೀಟಿಯ ಚಿತ್ರ, ಬಾಕಿಯ ವಾಯಿದೆ ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಬಂದು ಹೋಗುತ್ತವೆ. ಆದರೆ ಅನೇಕ ಕಡೆ ಈ ಸಂದೇಶಗಳಿರುವುದು ಮಾಲೀಕರ ಫೋನಿನಲ್ಲಲ್ಲ, ಗುಮಾಸ್ತನ ಸ್ವಂತ ಫೋನಿನಲ್ಲಿ. ಲೆಕ್ಕಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ವರ್ತಕರೂ ಈ ವಿಷಯದಲ್ಲಿ ಉದಾಸೀನರಾಗಿರುವುದುಂಟು.

ಗೊರೇಬಾಳದ ಗಿರಣಿಯೊಂದು ಪರಊರಿನ ವರ್ತಕರಿಗೆ ಅಕ್ಕಿ ಕಳುಹಿಸಿತೆಂದು ಕಲ್ಪಿಸಿಕೊಳ್ಳಬಹುದು. ಸರಕು ತಲುಪಿದ ಮೇಲೆ ‘ನುಚ್ಚು ಹೆಚ್ಚಿದೆ’ ಎಂದು ಅವರು ಹಣ ತಡೆಹಿಡಿಯುತ್ತಾರೆ. ನಮೂನೆ ನೋಡಿ ಒಪ್ಪಿದ ಸಂದೇಶ ಗುಮಾಸ್ತನ ಫೋನಿಗೆ ಬಂದಿತ್ತು. ಆತ ಕೆಲಸ ಬಿಟ್ಟು ಫೋನನ್ನೂ ಬದಲಿಸಿದ್ದಾನೆ. ಬಿಲ್ಲು ಮತ್ತು ಇ-ವೇ ಬಿಲ್ಲುಗಳು ಸರಕು ಹೋದುದನ್ನು ತೋರಿಸಬಲ್ಲವೇ ಹೊರತು ಗುಣಮಟ್ಟಕ್ಕೆ ಒಪ್ಪಿಗೆ ದೊರೆತುದನ್ನಲ್ಲ.

ಇಂತಹ ವ್ಯಾಜ್ಯದ ಮೌಲ್ಯ ಮೂರು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ, 2018ರಲ್ಲಿ ತಿದ್ದುಪಡಿಯಾದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ಕೆಲವೇ ಲಾರಿ ಅಕ್ಕಿಯ ಬಾಕಿ ಈ ಮಿತಿಯನ್ನು ದಾಟುತ್ತದೆ. ವಕೀಲರು ‘ಡಿಸ್ಕವರಿ’ ಎನ್ನುವ ಕ್ರಮ ಇಲ್ಲಿ ಬಿಗಿಯಾಗಿದೆ. ವಾದಿಯು ದಾವೆಯೊಂದಿಗೆ, ಪ್ರತಿವಾದಿಯು ತನ್ನ ಲಿಖಿತ ಹೇಳಿಕೆಯೊಂದಿಗೆ, ತಮ್ಮ ಅಧೀನ, ಸ್ವಾಧೀನ ಅಥವಾ ನಿಯಂತ್ರಣದಲ್ಲಿರುವ ಸಂಬಂಧಿತ ದಾಖಲೆಗಳನ್ನೆಲ್ಲ, ತಮಗೆ ಪ್ರತಿಕೂಲವಾದವನ್ನೂ ಸೇರಿಸಿ, ಬಹಿರಂಗಪಡಿಸಬೇಕು. ಆಗ ಮುಚ್ಚಿಟ್ಟ ದಾಖಲೆಯನ್ನು ಮುಂದೆ ನ್ಯಾಯಾಲಯದ ಅನುಮತಿಯಿಲ್ಲದೆ ಆಧರಿಸುವಂತಿಲ್ಲ. ಸಂಸ್ಥೆಯ ಕೆಲಸಕ್ಕಾಗಿ ನೌಕರನು ನಡೆಸಿದ ಪತ್ರವ್ಯವಹಾರ ಸಂಸ್ಥೆಯ ನಿಯಂತ್ರಣದಲ್ಲಿತ್ತೆಂದು ಎದುರುಪಕ್ಷ ವಾದಿಸಿದರೆ ಆಶ್ಚರ್ಯವಿಲ್ಲ.

ಸಂದೇಶ ಸಿಕ್ಕರಷ್ಟೇ ಸಾಲದು. ಪ್ರಮಾಣಪತ್ರವಿಲ್ಲದ ಎಲೆಕ್ಟ್ರಾನಿಕ್ ಪ್ರತಿ ಸಾಕ್ಷ್ಯವಾಗದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಪ್ರಕರಣದಲ್ಲಿ ತೀರ್ಪಿತ್ತು, 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಅದನ್ನೇ ದೃಢಪಡಿಸಿತು. ಫೋನಿನ ಒಡೆಯನೇ ಮೂಲ ಫೋನಿನೊಂದಿಗೆ ಸಾಕ್ಷಿ ಕಟಕಟೆಗೆ ಬಂದು ರುಜುವಾತುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲವೆಂದೂ 2020ರ ತೀರ್ಪು ಹೇಳಿದೆ. ಮುನಿಸಿಕೊಂಡು ಹೋದ ಗುಮಾಸ್ತ ಹಾಗೆ ಬರುವನೇ ಎಂಬುದು ಬೇರೆ ಮಾತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಒಂದಕ್ಕೆ ದಾಖಲೆ ಹಾಜರುಪಡಿಸುವ ಪಕ್ಷದವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಇದು ಕಡತದ ಬೆರಳಚ್ಚಿದ್ದಂತೆ. ಒಂದಕ್ಷರ ತಿದ್ದಿದರೂ ಮೌಲ್ಯ ಬದಲಾಗುತ್ತದೆ. ಸಂಭಾಷಣೆಯ ಪರದೆಯ ಚಿತ್ರವನ್ನು ಮುದ್ರಿಸಿ ವಕೀಲರ ಕೈಗಿತ್ತು ನಿಶ್ಚಿಂತರಾಗುವ ಕಾಲ ಇದಲ್ಲ.

ಆದ್ದರಿಂದ ಸಂಸ್ಥೆಯ ಹೆಸರಿನಲ್ಲಿಯೇ ಸಿಮ್ ಪಡೆದು, ವ್ಯವಹಾರಕ್ಕೆಂದೇ ಒಂದು ಫೋನ್ ಕೊಡುವುದು ಎಲ್ಲಕ್ಕಿಂತ ಸರಳ ಮಾರ್ಗ. ನೌಕರ ಬದಲಾದರೂ ಸಂಖ್ಯೆ ಮತ್ತು ಸಂದೇಶಗಳು ಉಳಿಯುತ್ತವೆ. ಇದು ಸಾಧ್ಯವಾಗದಿದ್ದಲ್ಲಿ, ನೇಮಕದ ಸಮಯದಲ್ಲಿಯೇ ವ್ಯವಹಾರದ ಸಂದೇಶಗಳ ಪ್ರತಿ ಕೊಡುವುದಾಗಿ ಲಿಖಿತ ಒಪ್ಪಿಗೆ ಪಡೆಯಬೇಕು. ತಿಂಗಳಿಗೊಮ್ಮೆ ಮುಖ್ಯ ಗ್ರಾಹಕರ ಸಂಭಾಷಣೆಯನ್ನು ಚಿತ್ರಗಳ ಸಹಿತ ಹೊರತೆಗೆದು ಕಚೇರಿಯ ಕಂಪ್ಯೂಟರಿನಲ್ಲಿ ಇಡಬೇಕು. ವಾಟ್ಸ್‌ಆ್ಯಪ್‌ನಲ್ಲಿ 24 ಗಂಟೆ, 7 ದಿನ ಅಥವಾ 90 ದಿನಗಳಲ್ಲಿ ಸಂದೇಶ ತಾನಾಗಿ ಮಾಯವಾಗುವ ಆಯ್ಕೆಯಿದೆ. ವ್ಯವಹಾರದ ಸಂಭಾಷಣೆಯಲ್ಲಿ ಅದು ಚಾಲೂ ಇರಕೂಡದು. ಸರಕಿನ ಬಾಕಿ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಅಷ್ಟು ಕಾಲವಾದರೂ ಪ್ರತಿಗಳನ್ನು ಕಾಯ್ದಿಡಬೇಕು. ಜಿ.ಎಸ್.ಟಿ. ಲೆಕ್ಕಪತ್ರಗಳಿಗಿರುವ, ವಾರ್ಷಿಕ ರಿಟರ್ನ್‌ನ ಅಂತಿಮ ದಿನಾಂಕದಿಂದ 72 ತಿಂಗಳ ಅವಧಿಯನ್ನೇ ಅನುಸರಿಸಿದರೆ ಮತ್ತೂ ಲೇಸು.

ನೌಕರನ ಫೋನನ್ನು ಕಸಿದು ಜಾಲಾಡುವುದು ಮಾತ್ರ ಸಲ್ಲದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದೆ. ಆತನ ಮನೆಯವರ ಚಿತ್ರ, ಬ್ಯಾಂಕಿನ ಸಂದೇಶಗಳು ಮಾಲೀಕರಿಗೆ ಸಂಬಂಧಿಸಿದವಲ್ಲ. ಬೇಕಾದ ಸಂಭಾಷಣೆಯನ್ನಷ್ಟೇ ಆತನ ಸಮಕ್ಷಮದಲ್ಲಿ, ಆತನ ಕೈಯಿಂದಲೇ ತೆಗೆಸಿ, ದಿನಾಂಕ ಸಹಿತ ಸಹಿ ಪಡೆಯುವುದು ಕ್ಷೇಮ.

ವಕೀಲರ ನೋಟಿಸು ಬಂದ ದಿನವೇ, ಅಥವಾ ಹಣ ಬಾರದೆಂಬ ಸುಳಿವು ಸಿಕ್ಕೊಡನೆ, ಸಂಬಂಧಿಸಿದ ನೌಕರರೆಲ್ಲರಿಗೂ ಏನನ್ನೂ ಅಳಿಸಬಾರದೆಂದು ಲಿಖಿತವಾಗಿ ತಿಳಿಸಬೇಕು. ಹಾಜರುಪಡಿಸಬಹುದಾಗಿದ್ದ ದಾಖಲೆಯನ್ನು ತಡೆಹಿಡಿದವರಿಗೆ ಅದು ಪ್ರತಿಕೂಲವಾಗಿತ್ತೆಂದು ನ್ಯಾಯಾಲಯ ಊಹಿಸಬಹುದು. ಸಾಕ್ಷ್ಯವಾಗದಂತೆ ತಡೆಯುವ ಉದ್ದೇಶದಿಂದ ಎಲೆಕ್ಟ್ರಾನಿಕ್ ದಾಖಲೆಯನ್ನು ನಾಶಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು.