ಕೆರೆಗೆ ಬೇಕಾದದ್ದು ಗೋಡೆಯಲ್ಲ, ದಡ

ಕೆರೆಯ ‘ಅಭಿವೃದ್ಧಿ’ ಎಂದರೆ ಏನೇನು ನಡೆಯುತ್ತದೆ ಎಂಬುದು ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಬಾಯಿಪಾಠವಾಗಿದೆ. ಮೊದಲು ಜೆಸಿಬಿ ಬಂದು ಹೂಳೆತ್ತುತ್ತದೆ. ಅಂಚಿನಲ್ಲಿದ್ದ ಜೊಂಡು, ಆಪು, ಪೊದೆಗಳೆಲ್ಲ ಲಾರಿ ಸೇರುತ್ತವೆ. ತೆಗೆದ ಮಣ್ಣನ್ನೇ ಸುತ್ತಲೂ ಪೇರಿಸಿ, ಒಳಮೈಗೆ ಕಲ್ಲು ಹೊದಿಸಿ, ಮೇಲೊಂದು ವಾಕಿಂಗ್ ಪಾತ್, ಬೇಲಿ, ದೀಪದ ಕಂಬ. ಉದ್ಘಾಟನೆಯ ದಿನ ಕೆರೆ ಚೊಕ್ಕಟವಾಗಿಯೇ ಕಾಣುತ್ತದೆ. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಎಷ್ಟೋ ಕಡೆ ನೀರು ಹಸಿರುಗಟ್ಟಿ ನಾರತೊಡಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿಯೂ ನೀರೇಕೆ ಕೆಟ್ಟಿತು? ಉತ್ತರದ ದೊಡ್ಡ ಪಾಲು ಒಳಗೆ ಹರಿದುಬರುವ ಕೊಳಚೆಯಲ್ಲಿದೆ. ಉಳಿದ ಪಾಲು ಲಾರಿ ಹತ್ತಿಹೋದ ಆ ಜೊಂಡಿನಲ್ಲಿದೆ.

ಎಲ್ಲ ಕಡೆ ಒಂದೇ ಆಳ, ಕಡಿದಾದ ಅಂಚು ಇರುವ ಇಂಥ ಕೆರೆಗಳಿಗೆ ಪರಿಸರ ಕಾರ್ಯಕರ್ತರು ‘ಸೂಪ್ ಬೌಲ್’ ಎಂದೇ ಹೆಸರಿಟ್ಟಿದ್ದಾರೆ. ಬಯಲುಸೀಮೆಯ ಹಳೆಯ ಕೆರೆಗಳ ರೂಪವೇ ಬೇರೆ. ಅಲ್ಲಿ ಏರಿ ಇರುವುದು ತಗ್ಗಿನ ಕಡೆ ಮಾತ್ರ. ತೂಬು, ಕೋಡಿ ಎಲ್ಲವೂ ಆ ಕಡೆಗೇ. ಉಳಿದ ಕಡೆಗಳಲ್ಲಿ ನೆಲ ನಿಧಾನವಾಗಿ ಇಳಿಯುತ್ತ ನೀರಿನೊಳಗೆ ಸೇರಿಹೋಗುತ್ತದೆ. ಮಳೆಗಾಲದಲ್ಲಿ ನೀರು ಮೇಲೇರುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಈ ನಡುವಿನ ಪಟ್ಟಿ ಒಂದಷ್ಟು ತಿಂಗಳು ನೀರಿನಲ್ಲಿ, ಒಂದಷ್ಟು ತಿಂಗಳು ಬಿಸಿಲಿನಲ್ಲಿ. ಹೆಂಗಸರು ಹೊನಗೊನ್ನೆ ಸೊಪ್ಪು, ಒಂದೆಲಗ ಕೀಳುತ್ತಿದ್ದದ್ದು, ದನ ಮೇಯುತ್ತಿದ್ದದ್ದು, ಮೆಟ್ಟುಗಾಲು ಹಕ್ಕಿಗಳು ಕೆಸರು ಕೆದಕುತ್ತಿದ್ದದ್ದು ಇಲ್ಲೇ. ಸುತ್ತಲೂ ಏರಿ ಎಬ್ಬಿಸಿದರೆ ಈ ಪಟ್ಟಿಯೇ ಇಲ್ಲವಾಗುತ್ತದೆ. ಜೊತೆಗೆ, ಮೇಲಿನ ನೆಲದಿಂದ ಸಹಜವಾಗಿ ಹರಿದುಬರುವ ಮಳೆನೀರಿಗೆ ವಾಕಿಂಗ್ ಪಾತೇ ಅಡ್ಡಗಟ್ಟೆಯಾಗುತ್ತದೆ.

ಆ ಪಟ್ಟಿ ಮಾಡುವ ಕೆಲಸ ಸಣ್ಣದಲ್ಲ. ಮಳೆನೀರು ಕೆರೆಗೆ ಬರುವಾಗ ಹೊಲದ ಗೊಬ್ಬರ, ರಸ್ತೆಯ ಎಣ್ಣೆ, ಸಗಣಿ, ಸಡಿಲ ಮಣ್ಣು ಎಲ್ಲವನ್ನೂ ಹೊತ್ತು ತರುತ್ತದೆ. ನೀರು ಹಸಿರುಗಟ್ಟಲು ಮುಖ್ಯ ಕಾರಣವಾದ ರಂಜಕ ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಬರುತ್ತದೆ. ಹುಲ್ಲು, ಜೊಂಡು ದಟ್ಟವಾಗಿರುವ ಇಳಿಜಾರಿನಲ್ಲಿ ನೀರಿನ ವೇಗ ತಗ್ಗಿ ಕಣಗಳು ಅಲ್ಲೇ ತಳ ಸೇರುತ್ತವೆ. ಕಲ್ಲುಹಾಸಿನ ಮೇಲೆ ಅವಕ್ಕೆ ನಿಲ್ಲಲು ನೆಲೆಯಿಲ್ಲ, ನೇರ ಕೆರೆಗೇ ಇಳಿಯುತ್ತವೆ.

ಆಪಿನ ಗಿಡವೊಂದನ್ನು ಬುಡ ಸಮೇತ ಕಿತ್ತು ಅಡ್ಡಕ್ಕೆ ಕೊಯ್ದರೆ ಒಳಗೆಲ್ಲ ಗಾಳಿಯ ಗೂಡುಗಳು ಕಾಣುತ್ತವೆ. ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಯುವುದು ಈ ದಾರಿಯಲ್ಲಿ. ಹೀಗಾಗಿ ಬೇರನ್ನು ಸುತ್ತಿಕೊಂಡು ಆಮ್ಲಜನಕವಿರುವ ತೆಳುವಾದ ಪದರವೊಂದು ಇರುತ್ತದೆ, ಅದರಾಚೆ ಆಮ್ಲಜನಕವೇ ಇಲ್ಲದ ಕಪ್ಪು ಕೆಸರು. ಮೊದಲಿನ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾ ಕೊಳಚೆಯ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಎರಡನೆಯ ಜಾಗದ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ವಿದ್ಯುತ್ತಿಲ್ಲ, ಯಂತ್ರವಿಲ್ಲ; ಗೇಣುದ್ದದ ಕೆಸರಿನಲ್ಲಿ ಇಷ್ಟೂ ನಡೆಯುತ್ತದೆ.

ಇದು ಇಲ್ಲದ ಕಡೆ ಪೋಷಕಾಂಶವೆಲ್ಲ ಪಾಚಿಯ ಪಾಲು. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ, ಸತ್ತು ಕೊಳೆಯುವಾಗ ಇನ್ನಷ್ಟು ಹೀರುತ್ತದೆ. ಮೀನುಗಳು ನಸುಕಿನಲ್ಲಿ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುವುದು, ಸಾಯುವುದು ಆಗಲೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನಗರ ಮರೆತಿಲ್ಲ. ಕೊಳಚೆ ಸೇರಿ ನೀರಿನಲ್ಲಿ ಆಮ್ಲಜನಕ ಕುಸಿದದ್ದನ್ನು ಅದಕ್ಕೆ ಕಾರಣವೆಂದು ಹೇಳಲಾಯಿತು.

ಬೇರೆ ದಾರಿ ಹಿಡಿದ ಕೆರೆ ನೋಡಬೇಕೆಂದರೆ ಜಕ್ಕೂರಿಗೆ ಹೋಗಬೇಕು. ಉತ್ತರ ಬೆಂಗಳೂರಿನ ಈ ಕೆರೆಯ ವಿಸ್ತಾರ ಸುಮಾರು 160 ಎಕರೆ. ಕೆರೆಯ ಮೇಲ್ಭಾಗದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ಶುದ್ಧೀಕರಣ ಘಟಕ ಬಂತು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಆಪು, ಜೊಂಡು ತುಂಬಿದ ಜೌಗು ಪ್ರದೇಶವನ್ನು ನಿಧಾನವಾಗಿ ಹಾದು ಬರುತ್ತದೆ. ಘಟಕ ದಾಟಿದ ಮೇಲೂ ನೀರಿನಲ್ಲಿ ಉಳಿದುಬಿಡುವ ನೈಟ್ರೇಟ್, ಫಾಸ್ಫೇಟ್ ಈ ದಾರಿಯಲ್ಲಿ ಗಣನೀಯವಾಗಿ ತಗ್ಗುತ್ತವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ನೀಲಿ ನಾಮಗೋಳಿ ಆಪಿನ ದಂಟು ಮುರಿದು ತಿನ್ನುವುದನ್ನು, ಗುಳುಮುಳುಕ ಮರಿಗಳೊಂದಿಗೆ ಮುಳುಗೇಳುವುದನ್ನು ಇಲ್ಲಿ ಏರಿಯ ಮೇಲೆ ನಿಂತೇ ನೋಡಬಹುದು.

ಆದರೆ ಜೊಂಡಿನ ಮೇಲೆ ಎಲ್ಲ ಭಾರ ಹಾಕುವುದು ತಪ್ಪು. ಹಸಿ ಕೊಳಚೆ ರಾಜಕಾಲುವೆ ತುಂಬಿ ಬರುವಾಗ ಯಾವ ದಡವೂ ಅದನ್ನು ತಡೆಯಲಾರದು. ನೊರೆಯುಕ್ಕಿ, ಬೆಂಕಿಯೂ ಹತ್ತಿದ ಬೆಳ್ಳಂದೂರು ಕೆರೆಯ ಗತಿ ಹೇಳುವುದು ಇದನ್ನೇ. ಬೆಳೆದ ಆಪನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಬಿಟ್ಟರೆ ಅದು ಅಲ್ಲೇ ಕೊಳೆತು, ಹೀರಿದ ರಂಜಕವನ್ನು ನೀರಿಗೇ ವಾಪಸು ಕೊಡುತ್ತದೆ.

ದಡದ ಬೆಲೆ ಬೇರೆ ದೇಶಗಳಿಗೂ ತಡವಾಗಿಯೇ ತಿಳಿಯಿತು. ಅಮೆರಿಕದಲ್ಲಿ 2007ರಲ್ಲಿ ನಡೆದ ಕೆರೆ ಸರೋವರಗಳ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದಡದ ಸಸ್ಯಾವರಣ ಹಾಳಾದ ಕಡೆ ಜೀವಸಂಕುಲವೂ ಹದಗೆಟ್ಟಿರುವ ಸಾಧ್ಯತೆ ಮೂರು ಪಟ್ಟು ಹೆಚ್ಚು. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದಲ್ಲಿ ನೀರಿನಂಚಿನಿಂದ 35 ಅಡಿಯವರೆಗೆ ಗಿಡಗಂಟಿ ಉಳಿಸಿಕೊಳ್ಳಬೇಕೆಂಬ ನಿಯಮವಿದೆ.

ನಮ್ಮಲ್ಲಿ ಚರ್ಚೆಯೆಲ್ಲ ಮೀಟರುಗಳ ಸುತ್ತ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಫರ್ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಗಲ ಮುಖ್ಯ, ನಿಜ. ಆದರೆ ಅಷ್ಟಗಲಕ್ಕೂ ಇಂಟರ್‌ಲಾಕ್ ಟೈಲ್ಸ್ ಹಾಸಿ, ಲಾನ್ ಬೆಳೆಸಿ, ಅದಕ್ಕೊಂದಿಷ್ಟು ಗೊಬ್ಬರ ಹಾಕಿದರೆ ಅದು ಕೆರೆಯನ್ನು ಕಾಯುವ ಬಫರ್ ಅಲ್ಲ.

ದಡವನ್ನು ಮರಳಿ ಪಡೆಯುವುದಕ್ಕೆ ಭಾರೀ ತಂತ್ರಜ್ಞಾನವೇನೂ ಬೇಡ. ಕಡಿದಾದ ಅಂಚನ್ನು ಸವರಿ ಇಳಿಜಾರು ಮಾಡಬೇಕು. ಮೊಣಕಾಲುದ್ದ ನೀರಿರುವ ಜಾಗ ಉಳಿಸಬೇಕು. ನೀರಿನಲ್ಲಿ ಆಪು, ಜೊಂಡು, ಬಜೆ, ಅಂಚಿನಲ್ಲಿ ಲಕ್ಕಿ, ಮೇಲೆ ಹೊಂಗೆ, ನೇರಳೆ. ನಡೆಯುವ ದಾರಿಯನ್ನು ನೀರಿನಿಂದ ದೂರ ಸರಿಸಿ, ಮಳೆನೀರು ಒಳಬರಲು ಅಲ್ಲಲ್ಲಿ ಮೋರಿ ಬಿಡಬೇಕು. ಹೂಳೆತ್ತುವಾಗಲೂ ಈ ಪಟ್ಟಿಯನ್ನು ಮುಟ್ಟಬಾರದು.

ನಿಮ್ಮೂರಿನ ಕೆರೆಗೂ ಒಂದು ದಿನ ಅಭಿವೃದ್ಧಿಯ ಯೋಜನೆ ಬಂದೀತು. ಜೆಸಿಬಿ ಇಳಿಯುವ ಮುಂಚೆಯೇ ಪಂಚಾಯಿತಿಗೋ ನಗರಸಭೆಗೋ ಹೋಗಿ ನಕ್ಷೆ ತೋರಿಸಲು ಕೇಳಿ. ದಡದ ಇಳಿಜಾರು ಎಷ್ಟಿದೆ, ಜೊಂಡಿಗೆ ಎಲ್ಲಿ ಜಾಗ ಬಿಟ್ಟಿದ್ದಾರೆ ಎಂದು ವಿಚಾರಿಸಿ. ಬಿಟ್ಟಿಲ್ಲವೆಂದರೆ ನಕ್ಷೆ ಬದಲಿಸುವಂತೆ ಅಲ್ಲೇ ಅರ್ಜಿ ಕೊಟ್ಟು ಬನ್ನಿ.